ಘಾಟಿಯ ಕೆಳಗೆ ಏಳು ಬಟ್ಟಲು ಚಹಾ

ನನ್ನ ಲೆಕ್ಕ ತಪ್ಪುವುದಿಲ್ಲ. ಇದು ಜಂಭದ ಮಾತಲ್ಲ, ಹೊಟ್ಟೆಪಾಡಿನ ಮಾತು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳನ್ನು ಅಳೆಯುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಅದು ತಿರಸ್ಕೃತ ಮಾಲಿನ ಕೆಂಪು ಡಬ್ಬಿಗೆ ಹೋಗುತ್ತದೆ. "ಇಷ್ಟಕ್ಕೆಲ್ಲಾ ಯಾಕ್ರಿ ಮೇಡಂ, ಪಂಪಿಗೇನು ಗೊತ್ತಾಗತೈತಿ?" ಎಂದು ಯಂತ್ರದ ಮುಂದೆ ನಿಂತವರು ಕೇಳುತ್ತಾರೆ. ನಾನು ಉತ್ತರ ಕೊಡುವುದಿಲ್ಲ. ಕೆಂಪು ಡಬ್ಬಿ ಕೊಡುತ್ತದೆ.

ಇಂಥವಳಿಗೆ ಲಡಾಖಿನ ಮರುಭೂಮಿ ಬೆಟ್ಟಗಳಲ್ಲಿ ಎಪ್ಪತ್ತು ಕಿಲೋಮೀಟರ್ ಓಡುವ ಸ್ಪರ್ಧೆ ಒಂದು ಲೆಕ್ಕವಾಗಿ ಕಂಡಿತೇ ಹೊರತು ಸಾಹಸವಾಗಿ ಕಾಣಲಿಲ್ಲ. ಕೊಟ್ಟಿರುವ ಸಮಯ ಹದಿನಾಲ್ಕು ಗಂಟೆ. ಗಂಟೆಗೆ ಐದು ಕಿಲೋಮೀಟರ್ ಆಯಿತು. ಆ ವೇಗದಲ್ಲಿ ನಮ್ಮ ಓಣಿಯ ಎಮ್ಮೆಗಳೂ ಹೋಗುತ್ತವೆ! ಎಮ್ಮೆಗಳು ಹದಿನೇಳು ಸಾವಿರ ಅಡಿ ಎತ್ತರದ ಘಾಟಿ ಹತ್ತುವುದಿಲ್ಲ ಎಂಬುದನ್ನೂ ನಾನು ಮರೆತಿರಲಿಲ್ಲ. ನನ್ನ ಲೆಕ್ಕದ ವಹಿಯಲ್ಲಿ ಉಸಿರಿಗೊಂದು ಕಲಂ ಇತ್ತು, ನೀರಿಗೊಂದು, ಉಪ್ಪಿಗೊಂದು, ಕಾಲುಚೀಲಕ್ಕೊಂದು.

ಚಹಾಕ್ಕೆ ಕಲಂ ಇರಲಿಲ್ಲ.

ಯಾಕೆ ಓಡುತ್ತೀ ಎಂದು ಎಲ್ಲರೂ ಕೇಳಿದರು. "ಆರೋಗ್ಯಕ್ಕ" ಎಂದೆ. ನಾನು ಹೆಚ್ಚು ಹೇಳುವವಳಲ್ಲ. ನಿಜವಾದ ಕಾರಣ ನನ್ನ ಕಾಕಾ, ಅಪ್ಪನ ತಮ್ಮ. ಲಕಮನಹಳ್ಳಿಯಲ್ಲಿ ನಮ್ಮ ಮನೆಯ ಎದುರಿನ ಮನೆ ಅವರದು. ಕಾಕಾ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದರು. ಓಟದ ದಾರಿಯ ಅದೇ ಘಾಟಿಯ ಮೇಲೆ ಎಷ್ಟೋ ವರ್ಷ ಅಕ್ಕಿ, ಬೇಳೆ, ಸೀಮೆಎಣ್ಣೆ ಹೊತ್ತು ಹತ್ತಿ ಇಳಿದವರು. ಈಗ ಅವರ ಶ್ವಾಸಕೋಶ ಸೋತಿದೆ. ಕಟ್ಟೆಯಿಂದ ಅಂಗಳಕ್ಕೆ ಇಳಿದರೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕು. ಎತ್ತರದ ಊರುಗಳ ಮಾತೇ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ಕಾಕಾ ಅದರ ಮಾತನ್ನೇ ಎತ್ತುತ್ತಿರುತ್ತಾರೆ.

ಒಂದು ಮುಂಜಾನೆ ತಂಬಾಕಿನ ಹಳೆಯ ಡಬ್ಬಿಯೊಂದನ್ನು ನನ್ನ ಕೈಗಿಟ್ಟರು. ಒಳಗೆ ನಿಂಬೆಹಣ್ಣಿನ ಗಾತ್ರದ, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುವ ಒಂದು ಕಂದು ಕಲ್ಲು.

"ಘಾಟಿನ ತುದಿಗೆ ಕಲ್ಲಿನ ಗುಡ್ಡಿ ಐತಿ ತಂಗಿ. ಹತ್ತಿ ಬಂದಾವ್ರು ಒಂದೊಂದು ಕಲ್ಲು ಇಟ್ಟು ಮುಂದ ಹೋಗತಾರ. ನಾ ಇಡೂದು ಬಿಟ್ಟು ಒಂದು ತಗೊಂಡು ಬಂದೆ. ಕಡೀ ದಿನ. ಮತ್ತ ಬರೂದಿಲ್ಲಂತ ಗೊತ್ತಿತ್ತಲ್ಲ!" ಕಾಕಾ ಉಸಿರು ತೆಗೆದುಕೊಂಡರು. "ಇದು ನಂದಲ್ಲ ತಂಗಿ. ಎಲ್ಲಿದು ಅಲ್ಲೇ ಇರಬೇಕು."

"ನಾ ಇಟ್ಟು ಬರತೇನಿ ಕಾಕಾ."

"ಗಾಡ್ಯಾಗ ಹೋಗಿ ಇಡಬ್ಯಾಡ ಮತ್ತ! ಗಾಡ್ಯಾಗ ನಾ ದಿನಾ ಹೋಗೀನಿ. ಕಾಲಿಲೆ ಹತ್ತಿದವರು ಇಡೂದದು. ಯಾರಿಗೂ ಹೇಳಬ್ಯಾಡ. ನಿಮ್ಮ ಕಾಕಿಗೆ ಗೊತ್ತಾದ್ರ ಮಿಲಿಟ್ರ್ಯಾಗ ಕಲ್ಲು ಕಳವು ಮಾಡತಿದ್ದೀರೇನು ಅಂತಾಳ."

ಯಾರಿಗೂ ಹೇಳದೆ ಇರುವುದು ನನಗೆ ಸಲೀಸು. ಕಲ್ಲನ್ನು ಕಾರ್ಖಾನೆಗೆ ಒಯ್ದು, ಮೂರು ಕಡೆಯಿಂದ ಅಳೆದು ಬರೆದಿಟ್ಟೆ. ಬೇರೆಯವರ ಸಾಮಾನು, ಅಳತೆ ಇರಬೇಕು.

ಅಭ್ಯಾಸ ಶುರುವಾಯಿತು. ಧಾರವಾಡದಲ್ಲಿ ಹೆಣ್ಣುಮಗಳೊಬ್ಬಳು ಓಡುತ್ತಿದ್ದರೆ ಅದಕ್ಕೆ ಎರಡೇ ಕಾರಣ ಇರಲು ಸಾಧ್ಯ. ಬಸ್ಸು ತಪ್ಪಿರಬೇಕು, ಇಲ್ಲವೇ ನಾಯಿ ಬೆನ್ನುಹತ್ತಿರಬೇಕು. ಲಕಮನಹಳ್ಳಿ ಕ್ರಾಸಿನಲ್ಲಿ ಗ್ಯಾರೇಜು ಇಟ್ಟಿರುವ ಮೌಲಾ ಚಾಚಾ ಮೊದಲ ದಿನವೇ ಗಾಡಿ ಪಕ್ಕಕ್ಕೆ ತಂದರು.

"ಬೇಟಾ, ಬಸ್ ಹೋತೇನು? ಹತ್ತು."

"ಇಲ್ಲ ಚಾಚಾ, ಸುಮ್ನ ಓಡಾಕತ್ತೇನಿ."

"ಸುಮ್ನ ಯಾರರ ಓಡತಾರೇನು? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

"ಆರಾಮ ಅದಾರ."

"ಮತ್ತ ಹತ್ತು!"

ಹಿರಿಯರು ಗಾಡಿ ನಿಲ್ಲಿಸಿ ಕರೆದಾಗ ಒಲ್ಲೆ ಎನ್ನುವುದನ್ನು ನನಗೆ ಯಾರೂ ಕಲಿಸಿಲ್ಲ. ಹತ್ತಿದೆ. ಅಂದಿನ ವಹಿಯಲ್ಲಿ ಹೀಗಿದೆ: "ಓಟ, ಇಪ್ಪತ್ತೊಂದು ಕಿಲೋಮೀಟರ್. ಅದರಲ್ಲಿ ನಾಲ್ಕು ಚಾಚಾರ ಗಾಡಿಯ ಮೇಲೆ." ಆ ನಾಲ್ಕನ್ನು ಮರುದಿನ ಸಂಜೆ ಬಾಕಿ ತೀರಿಸಲು ಹೊರಟೆ. ಚಾಚಾ ಆ ಕಡೆಯಿಂದ ಬರುತ್ತಿದ್ದರು. ಬಾಕಿ ಎಂಟಾಯಿತು!

ಏರು ಹತ್ತುವ ಅಭ್ಯಾಸಕ್ಕೆಂದು ಭಾನುವಾರ ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಹೋದೆ. ಹಿಮಾಲಯಕ್ಕೆ ಹೋಲಿಸಿದರೆ ಅದು ಬೆಟ್ಟ ಎಂಬುದು ಹುಬ್ಬಳ್ಳಿಯವರ ಅಭಿಮಾನದ ಮಾತು. ಹನ್ನೆರಡು ಸಲ ಹತ್ತಿ ಇಳಿಯುವುದೆಂದು ಗೊತ್ತುಮಾಡಿಕೊಂಡಿದ್ದೆ. ಐದನೆಯ ಸಲಕ್ಕೆ ವಾಕಿಂಗಿಗೆ ಬಂದಿದ್ದ ಹಿರಿಯರೊಬ್ಬರು ಅಡ್ಡ ನಿಂತರು.

"ಏನ ಕಳಕೊಂಡೀರಿ? ಅವಾಗಿಂದ ನೋಡಾಕತ್ತೇನಿ, ಮ್ಯಾಲ ಕೆಳಗ ತಿರಗಾಕತ್ತೀರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಜೊತೆಯವರು "ಕಿವ್ಯಾಂದು ಇರಬೇಕ್ರಿ, ಒಂದ ಕಿವ್ಯಾಗ ಕಾಣವಲ್ದು" ಎಂದರು. ನಾಲ್ಕು ಜನ ಹುಲ್ಲಿನಲ್ಲಿ ಬಗ್ಗಿ ಹುಡುಕತೊಡಗಿದರು. ನಾನು ಹಾಕಲು ಮರೆತ ಆ ಕಿವಿಯ ಓಲೆ ಮನೆಯಲ್ಲಿ ಕನ್ನಡಿಯ ಮುಂದೆ ಇತ್ತು. ಆದರೆ ಅಷ್ಟು ಅಂತಃಕರಣದಿಂದ ಬಗ್ಗಿದ ನಾಲ್ಕು ಬೆನ್ನುಗಳಿಗೆ ಅದನ್ನು ಹೇಗೆ ಹೇಳಲಿ? ನಾನೂ ಅವರ ಜೊತೆ ಹತ್ತು ನಿಮಿಷ ಹುಡುಕಿದೆ!

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದದ್ದು ಏಕಾಏಕಿ ಆದದ್ದಲ್ಲ. ಅದಕ್ಕೆ ನಾನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆ.

ಇನ್ನೊಂದು ಮಾತು. ನಮ್ಮ ಕಾಕಿಯ ಮನೆಯಲ್ಲಿ ಬಸಿಯಲ್ಲಿ ಚಹಾ ಉಳಿಸುವಂತಿಲ್ಲ. "ಚಾ ಉಳಿಸಿದ್ರ ಮಾಡಿದಾಕಿ ಮಾರಿಗೆ ಉಗ್ಗಿದಂಗ" ಎಂಬುದು ಕಾಕಿಯ ಶಾಸನ. ಹೀಗೆ ಉಳಿಸಿಹೋದ ಬೀಗರೊಬ್ಬರ ಹೆಸರನ್ನು ಕಾಕಿ ಇಂದಿಗೂ ಹೇಳುವುದಿಲ್ಲ, "ಆ ಅರ್ಧ ಬಸಿಯಾವ್ರು" ಎನ್ನುತ್ತಾರೆ. ನಾನು ಆ ಶಾಸನದಡಿ ಬೆಳೆದವಳು. ಕೊಟ್ಟಷ್ಟನ್ನೂ ತಳ ಕಾಣುವವರೆಗೆ ಕುಡಿಯುತ್ತೇನೆ.

ಲಡಾಖಿಗೆ ಹತ್ತು ದಿನ ಮೊದಲೇ ಹೋದೆ. "ಮೊದಲ ಎರಡು ದಿನ ಏನೂ ಮಾಡಬ್ಯಾಡ, ಮಲಕೋ. ಶಾಣ್ಯಾತನ ಮಾಡಿದವರನ್ನ ಅದು ಕೆಳಗ ಕಳಸತೈತಿ" ಎಂದು ಕಾಕಾ ಹೇಳಿದ್ದರು. ಮಲಗಿದೆ. ಮೂರನೆಯ ದಿನ ನಡೆದೆ. ಐದನೆಯ ದಿನ ಮೆಲ್ಲಗೆ ಓಡಿದೆ. ತಲೆನೋವು ಬಂದು ಹೋಯಿತು. ವಹಿಯ ಎಲ್ಲ ಕಲಮುಗಳೂ ಸರಿ ಇದ್ದವು.

ಓಟ ಬೆಳಿಗ್ಗೆ ಆರಕ್ಕೆ. ಜಾಕೆಟ್ಟಿನ ಎದೆಯ ಜೇಬಿನಲ್ಲಿ ಕಲ್ಲು. ಆ ಬೆಳಗಿನ ಬಗ್ಗೆ ಹೆಚ್ಚು ಬರೆಯಲಾರೆ, ಬರೆದರೆ ಅಳತೆ ತಪ್ಪುತ್ತದೆ. ಒಂದು ಗಿಡವಿಲ್ಲ, ಒಂದು ಹಕ್ಕಿಯಿಲ್ಲ. ಸುಟ್ಟ ಇಟ್ಟಿಗೆಯ ಬಣ್ಣದ ಬೆಟ್ಟಗಳು ಒಂದರ ಹಿಂದೊಂದು ಸುಮ್ಮನೆ ನಿಂತಿದ್ದವು. "ಒಂದು ತಿರುವಿನ್ಯಾಗ ಹೊಳಿ ಕಾಣತೈತಿ. ಮುಂದ ಕಾಣಂಗಿಲ್ಲ, ಸಪ್ಪಳ ಅಷ್ಟ ಬರತೈತಿ. ಅಲ್ಲಿ ನಾ ಗಾಡಿ ಬಂದ್ ಮಾಡಿ ಒಂದೀಟು ಕುಂದರತಿದ್ದೆ" ಎಂದು ಕಾಕಾ ಹೇಳುತ್ತಿದ್ದರು. ಆ ತಿರುವು ಬಂತು. ಹೊಳೆ ಕಂಡಿತು, ಮರೆಯಾಯಿತು, ಸಪ್ಪಳ ಉಳಿಯಿತು. ನಾನು ಹುಟ್ಟುವ ಮೊದಲಿನ ಕಾಕಾ, ಇನ್ನೂ ಮೀಸೆ ಕಪ್ಪಿದ್ದ, ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದ ಕಾಕಾ, ಇಲ್ಲೇ ಎಲ್ಲೋ ಗಾಡಿ ಬಂದ್ ಮಾಡಿ ಕೂತಿದ್ದಾರೆ ಎನಿಸಿತು. ನನಗೆ ಪರಿಚಯವಿಲ್ಲದ ಆ ಮನುಷ್ಯನನ್ನು ಒಮ್ಮೆ ನೋಡಬೇಕೆಂದು ಎಷ್ಟು ಆಸೆಯಾಯಿತೆಂದರೆ, ನಾನೂ ಅಲ್ಲೇ ಒಂದು ಕ್ಷಣ ನಿಂತುಬಿಟ್ಟೆ. ಮುಂದೆ ಓಡಿದೆ.

ಹನ್ನೆರಡೂವರೆಗೆ ಮೂವತ್ತಾರನೆಯ ಕಿಲೋಮೀಟರಿನಲ್ಲಿದ್ದೆ. ಘಾಟಿಯ ಏರಿಗೆ ಮೊದಲಿನ ಕೊನೆಯ ಊರು. ಹತ್ತು ಮನೆ, ಒಂದಿಷ್ಟು ಜವೆಗೋಧಿ ಹೊಲ. ಅಲ್ಲಿಂದ ಒಂಬತ್ತು ಕಿಲೋಮೀಟರ್ ಮೇಲೆ ತಪಾಸಣೆಯ ಡೇರೆ, ಸಂಜೆ ನಾಲ್ಕಕ್ಕೆ ಅದು ಮುಚ್ಚುತ್ತದೆ. ನಾಲ್ಕರ ನಂತರ ಬಂದವರನ್ನು ತುದಿಗೆ ಬಿಡುವುದಿಲ್ಲ. ನನ್ನ ಲೆಕ್ಕದಲ್ಲಿ ನಾನು ಮೂರು ಹತ್ತಕ್ಕೆ ತಲುಪುತ್ತೇನೆ. ಕೈಯಲ್ಲಿ ಐವತ್ತು ನಿಮಿಷ!

ಹೊಲದ ಕಲ್ಲುಗೋಡೆಯ ಬಳಿ ಒಬ್ಬ ಅಜ್ಜಿ ಚಹಾದ ಫ್ಲಾಸ್ಕು ಹಿಡಿದು ನಿಂತಿದ್ದರು. ಮುಖದ ತುಂಬ ಗೆರೆ, ಗೆರೆಗಳ ತುಂಬ ನಗು. ನನ್ನ ಮುಂದಿದ್ದ ಓಟಗಾರರು "ಜುಲೇ" ಎಂದು ನಮಸ್ಕಾರ ಹೇಳಿ, ಕೈ ಬೀಸಿ, ಓಡಿಹೋದರು. ಅಜ್ಜಿ ನನ್ನನ್ನು ನೋಡಿ "ಡೋನ್, ಡೋನ್ ಲೆ!" ಎಂದರು. ತಗೋ ಎನ್ನುತ್ತಿದ್ದಾರೆಂದು ಕೈಯ ಬಟ್ಟಲು ನೋಡಿದರೇ ತಿಳಿಯುತ್ತಿತ್ತು.

ಒಲ್ಲೆ ಎನ್ನಲು ನನಗೆ ಬರುವುದಿಲ್ಲವೆಂದು ಹೇಳಿದೆನಷ್ಟೆ.

ಕೂತೆ. ಒಂದು ಬಟ್ಟಲು ಚಹಾಕ್ಕೆ ಮೂರು ನಿಮಿಷ ಸಾಕು. ಅದು ಬೆಣ್ಣೆ ಹಾಕಿದ ಉಪ್ಪಿನ ಚಹಾ. ಸಾರಿಗೂ ಚಹಾಕ್ಕೂ ನಡುವಿನ ಏನೋ ಒಂದು. ಕಾಕಿಯನ್ನು ನೆನೆದು ತಳ ಕಾಣುವವರೆಗೆ ಕುಡಿದೆ. ಅಜ್ಜಿಯ ಮುಖ ಅರಳಿತು. ಮತ್ತೆ ತುಂಬಿದರು.

ಉಳಿಸುವಂತಿಲ್ಲ. ಕುಡಿದೆ. ತುಂಬಿದರು. ಕುಡಿದೆ. ತುಂಬಿದರು.

ನಾಲ್ಕನೆಯ ಬಟ್ಟಲು ಮುಗಿಸಿ ಕೈ ಅಡ್ಡ ಹಿಡಿದು ಸಾಕೆಂದೆ. ನಮ್ಮ ಕಡೆ ಸಾಕೆಂದವರಿಗೆ ಇನ್ನಷ್ಟು ಹಾಕುತ್ತಾರಲ್ಲ, ಅಲ್ಲಿಯೂ ಹಾಗೆಯೇ. ಆ ಮಟ್ಟಿಗೆ ದೇಶ ಒಂದೇ. ಅಜ್ಜಿ ಪಕ್ಕದ ಮನೆಯಾಕೆಯನ್ನು ಕೂಗಿ ಕರೆದು ನನ್ನನ್ನು ತೋರಿಸಿದರು. ಆಕೆ ಬೆರಗಾಗಿ ನೋಡಿ ಒಳಗೆ ಹೋದರು. ತಮ್ಮ ಫ್ಲಾಸ್ಕಿನೊಂದಿಗೆ ಹೊರಗೆ ಬಂದರು!

ಏಳು ಬಟ್ಟಲು. ಮೂವತ್ತೈದು ನಿಮಿಷ. ಎದ್ದಾಗ ಅಜ್ಜಿ ನನ್ನ ಎದೆಯ ಜೇಬಿಗೆ ಒಣಗಿದ ಜರ್ದಾಳು, ಅಂದರೆ ಏಪ್ರಿಕಾಟ್ ಹಣ್ಣುಗಳನ್ನು ಎರಡು ಕೈಯಿಂದ ತುರುಕಿ ಕೆನ್ನೆ ಸವರಿದರು. ಬಾಗಿ ನಮಸ್ಕಾರ ಮಾಡಿದೆ. ಬಾಗಿದಾಗ ಹೊಟ್ಟೆಯೊಳಗೆ ಹೊಳೆಯ ಸಪ್ಪಳ ಕೇಳಿಸಿತು.

ಆದರೂ ಹದಿನೈದು ನಿಮಿಷ ಉಳಿದಿತ್ತಲ್ಲ? ಉಳಿದಿತ್ತು. ಏಳು ಬಟ್ಟಲು ಒಳಗೆ ಹೋದದ್ದು ಹೊರಗೂ ಬರಬೇಕು ಎಂಬ ಸರಳ ಸತ್ಯ ಎರಡು ಕಿಲೋಮೀಟರ್ ಏರಿದ ಮೇಲೆ ಮನವರಿಕೆಯಾಯಿತು. ಮರುಭೂಮಿಯ ಸೌಂದರ್ಯದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅಲ್ಲಿ ಒಂದು ಪೊದೆಯೂ ಇಲ್ಲ ಎಂಬುದನ್ನು ಹೆಣ್ಣುಮಕ್ಕಳ ದೃಷ್ಟಿಯಿಂದ ಯಾರೂ ವಿವರಿಸುವುದಿಲ್ಲ. ಮೇಲಿನ ತಿರುವಿನಲ್ಲಿ ಮೂವರು ಓಟಗಾರರು, ಕೆಳಗಿನ ತಿರುವಿನಲ್ಲಿ ಇಬ್ಬರು, ನಡುವೆ ಬೋಳು ಬೆಟ್ಟ. ಬೇರೆ ಯಾರಾದರೂ ಆಗಿದ್ದರೆ ಹತ್ತು ಹೆಜ್ಜೆ ಸರಿದು ಕೆಲಸ ಮುಗಿಸುತ್ತಿದ್ದರು. ನಾನು ನನ್ನ ಹೆಸರನ್ನೇ ಅಪರಿಚಿತರಿಗೆ ಎರಡು ಸಲ ಯೋಚಿಸಿ ಹೇಳುವವಳು. ದೂರದಲ್ಲಿ ಕಂಡ ಒಂದು ಬಂಡೆಯವರೆಗೆ ಜಲ್ಲಿಯ ಇಳಿಜಾರಿನಲ್ಲಿ ಜಾರುತ್ತ ಹೋಗಿ, ಸುತ್ತ ನೋಡಿ, ಮತ್ತೆ ಏದುಸಿರು ಬಿಡುತ್ತ ಹತ್ತಿ ಬಂದೆ. ಹೀಗೆ ಮೂರು ಸಲ. ಮೂರು ಬೇರೆ ಬೇರೆ ಬಂಡೆ. ಒಟ್ಟು ಹತ್ತೊಂಬತ್ತು ನಿಮಿಷ.

ಮೂವತ್ತೈದು ಮತ್ತು ಹತ್ತೊಂಬತ್ತು, ಐವತ್ತನಾಲ್ಕು. ನನ್ನ ಬಳಿ ಇದ್ದದ್ದು ಐವತ್ತು.

ಡೇರೆಯ ಬಳಿ ಗಡಿಯಾರ ಹಿಡಿದು ನಿಂತಿದ್ದವರು ಒಳ್ಳೆಯ ಮನುಷ್ಯ. ತಪ್ಪು ತಮ್ಮದೇ ಎಂಬಂತೆ ಹಿಂದಿಯಲ್ಲಿ ಹೇಳಿದರು: "ನಾಲ್ಕು ನಿಮಿಷ ತಡ, ಮೇಡಂ." ಅಲ್ಲಿಂದ ಏಳು ಕಿಲೋಮೀಟರ್ ಮೇಲೆ ಘಾಟಿಯ ತುದಿ. ಬಣ್ಣದ ಬಾವುಟಗಳು ಚುಕ್ಕಿಯಷ್ಟಾಗಿ ಅಲುಗುವುದು ಕಾಣುತ್ತಿತ್ತು. ಬೇಡಿಕೊಳ್ಳಬಹುದಿತ್ತು. ಬೇಡಿಕೊಂಡರೆ ಬಿಡುತ್ತಿದ್ದರೋ ಏನೋ. ಆದರೆ ದಿನವೂ ಕೂದಲೆಳೆಗೆ ಕೆಂಪು ಡಬ್ಬಿ ತೋರಿಸುವವಳು ಯಾವ ಬಾಯಿಂದ ಬೇಡಲಿ? ಎದೆಗೆ ಕಟ್ಟಿದ್ದ ನಂಬರು ಬಿಚ್ಚಿ ಕೊಟ್ಟೆ. ಅವರು ಅದನ್ನು ಒಂದು ಡಬ್ಬಿಗೆ ಹಾಕಿದರು. ಡಬ್ಬಿ ಕೆಂಪು ಬಣ್ಣದ್ದಾಗಿತ್ತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ!

ಸೋತವರನ್ನು ಆಚೆ ಬದಿಯ ಊರಿಗೆ ಒಯ್ಯಲು ಜೀಪು ಇತ್ತು. ದಾರಿ ಅದೇ ಘಾಟಿಯ ಮೇಲೆ. ಗಾಡಿಯಲ್ಲಿ ಹೋಗಿ ಇಡಬೇಡ ಎಂದಿದ್ದರು ಕಾಕಾ. ಆದರೂ ನಲವತ್ತೈದು ಕಿಲೋಮೀಟರ್ ಕಾಲಿನದೇ ಅಲ್ಲವೇ ಎಂದು ನನ್ನೊಳಗೆ ಒಂದು ಸಣ್ಣ ವಕಾಲತ್ತು ನಡೆಯಿತು. ಜೀವನದಲ್ಲಿ ಮೊದಲ ಸಲ ಕೆಂಪು ಡಬ್ಬಿಯದನ್ನು ಪಾಸು ಮಾಡಿದೆ. ತುದಿಯಲ್ಲಿ ಇಳಿದು ಇಟ್ಟುಬಿಡೋಣ.

"ಯಾಕೆ ತಡವಾಯಿತು?" ಎಂದು ಜೀಪಿನ ಚಾಲಕ ಕೇಳಿದ.

"ಚಹಾ" ಎಂದೆ. "ಏಳು ಬಟ್ಟಲು."

ಆತ ನಗುತ್ತ ಸ್ಟೇರಿಂಗಿನ ಮೇಲೆ ಬಿದ್ದ. "ಖಾಲಿ ಮಾಡಿದಿರಾ? ನಮ್ಮಲ್ಲಿ ಬಟ್ಟಲು ಖಾಲಿಯಾದರೆ ಇನ್ನೂ ಬೇಕು ಅಂತ ಅರ್ಥ. ಸಾಕಾದವರು ತುಂಬಿದ ಬಟ್ಟಲು ಹಾಗೇ ಬಿಟ್ಟು ಕೂಡುತ್ತಾರೆ. ಏಳು! ಪಾಪ, ಆ ಅಜ್ಜಿ ನಿಮ್ಮ ಊರಿನಲ್ಲಿ ನೀರೇ ಇಲ್ಲ ಎಂದುಕೊಂಡಿರಬೇಕು!"

ಜೀಪಿನವರೆಲ್ಲ ನಕ್ಕರು. ನಾನು ಕಂಬಳಿ ಹೊದ್ದು, ಜೇಬಿಗೆ ಕೈ ಹಾಕಿ, ಜರ್ದಾಳುಗಳ ನಡುವೆ ಕಲ್ಲನ್ನು ಹುಡುಕಿ ಹಿಡಿದುಕೊಂಡೆ. ತುದಿಯಲ್ಲಿ ಒಂದು ನಿಮಿಷ ನಿಲ್ಲಿಸಿ ಎಂದು ಹೇಳಬೇಕು. ಹೇಳಿದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಕಾಕಾನ ಮಾತು ಹೇಳಬೇಕು. ನಗುತ್ತಿರುವ ಇಷ್ಟು ಜನರ ಮುಂದೆ ಬೇಡ. ಹತ್ತಿರ ಬಂದಾಗ ಹೇಳಿದರಾಯಿತು ಎಂದು ಒಂದೇ ಒಂದು ಕ್ಷಣ ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಎದುರಿಗೆ ಪಾಪ್ಲರ್ ಮರಗಳು, ಹಸಿರು ಹೊಲ, ಕಾಲುವೆ.

"ಘಾಟಿ ಎಲ್ಲಿ?"

"ದಾಟಿ ಬಂದೆವಲ್ಲ, ಮೇಡಂ. ಮೇಲೆ ಹತ್ತು ನಿಮಿಷ ನಿಲ್ಲಿಸಿದ್ದೆ. ಎಲ್ಲರೂ ಇಳಿದು ಕಲ್ಲು ಇಟ್ಟು ಬಂದರು. ನೀವು ಅಷ್ಟು ಚೆನ್ನಾಗಿ ಮಲಗಿದ್ದಿರಿ, ಎಬ್ಬಿಸಲು ಮನಸ್ಸಾಗಲಿಲ್ಲ."

ಕೈಯಲ್ಲಿ ಕಲ್ಲು ಬೆಚ್ಚಗಿತ್ತು.

ಧಾರವಾಡಕ್ಕೆ ಬಂದು ಎರಡು ದಿನ ಎದುರು ಮನೆಯ ಬಾಗಿಲು ತಪ್ಪಿಸಿ ಹಿತ್ತಿಲಿನಿಂದ ಓಡಾಡಿದೆ. ಕಾರ್ಖಾನೆಯಲ್ಲಿ ಕಲ್ಲನ್ನು ಮತ್ತೆ ಅಳೆದೆ. ಮೂರರಲ್ಲಿ ಒಂದು ಕಡೆ ಕೂದಲೆಳೆಯಷ್ಟು ಕಡಿಮೆ ಬಂತು. ಜೇಬಿನಲ್ಲಿ ಉಜ್ಜಿ ಉದುರಿರಬೇಕು. ಬೇರೆಯವರ ಸಾಮಾನನ್ನು ಇಡುವುದೂ ಆಗಲಿಲ್ಲ, ಇದ್ದ ಹಾಗೆ ತರುವುದೂ ಆಗಲಿಲ್ಲ. ಮೂರನೆಯ ದಿನ ಡಬ್ಬಿಯನ್ನೂ, ಅಜ್ಜಿಯ ಜರ್ದಾಳುಗಳನ್ನೂ ಹಿಡಿದು ಕಾಕಾನ ಕಟ್ಟೆಗೆ ಹೋದೆ. ಕಾಕಿ ಒಳಗಿದ್ದರು. ಕಲ್ಲು ಇಡಲಾಗಲಿಲ್ಲವೆಂದು ಮೆಲ್ಲಗೆ ಒಪ್ಪಿಕೊಂಡೆ.

"ಮ್ಯಾಲ ಗಾಳಿ ಹೆಂಗಿತ್ತ?" ಎಂದಷ್ಟೇ ಕೇಳಿದರು ಕಾಕಾ.

"ನಿದ್ದಿ ಹತ್ತಿತ್ತು ಕಾಕಾ."

ಕಾಕಾ ಡಬ್ಬಿ ತೆರೆದು ಕಲ್ಲು ತೆಗೆದು ಮೂಸಿದರು. ಆಮೇಲೆ ಮುಷ್ಟಿ ಮುಚ್ಚಿದರು.

"ಛಲೋ ಆತು ಬಿಡು. ದಿನಾ ಮುಂಜಾನಿ ಇದನ್ನ ಹಿಡದು ಕುಂತು ಒಂದ ಸಲ ಮ್ಯಾಲ ಹೋಗಿ ಬರತಿದ್ದೆ ನಾ. ಹೊಳಿ ತಿರುವು, ಆ ಊರು, ತುದಿ. ನಿನ್ನ ಕೈಯಾಗ ಕೊಟ್ಟಮ್ಯಾಲೆ ಹೋಗಾಕ ದಾರೀನ ಸಿಗವಲ್ದಾಗಿತ್ತು."

ನನ್ನ ಸಮಾಧಾನಕ್ಕೆ ಹಾಗೆ ಹೇಳಿದರೋ, ಖರೆಯೋ, ತಿಳಿಯಲಿಲ್ಲ. ಅದನ್ನು ಅಳೆಯುವ ಸಾಧನ ನಮ್ಮ ಕಾರ್ಖಾನೆಯಲ್ಲಿಲ್ಲ. ಮುಷ್ಟಿ ಮಾತ್ರ ಬಿಗಿಯಾಗಿತ್ತು. ಆ ಘಾಟಿಯನ್ನು ದಾಟಿಯೂ ನೋಡದೆ ಬಂದವಳು ನಾನು. ಇಲ್ಲಿ ಕಟ್ಟೆ ಇಳಿಯಲಾರದವರು ದಿನಾ ಹೋಗಿ ಬರುತ್ತಿದ್ದಾರೆ. ಹೊಟ್ಟೆಕಿಚ್ಚಾಯಿತು.

ಕಾಕಿ ಚಹಾ ತಂದರು. ಅನುಭವದಿಂದ ಪಾಠ ಕಲಿತವಳು ನಾನು. ಇನ್ನೆಂದೂ ಬಟ್ಟಲು ಖಾಲಿ ಮಾಡಬಾರದೆಂದು ಲಡಾಖಿನಲ್ಲೇ ಆಣೆ ಹಾಕಿದ್ದೆ. ಎರಡು ಗುಟುಕು ಕುಡಿದು ಬಸಿಯನ್ನು ಗಂಭೀರವಾಗಿ ಕೆಳಗಿಟ್ಟೆ.

ಕಾಕಿ ಬಸಿ ನೋಡಿದರು. ನನ್ನನ್ನು ನೋಡಿದರು.

"ಯಾಕ ವಿದ್ಯಾ? ಹಿಮಾಲಯ ನೋಡಿ ಬಂದಮ್ಯಾಲೆ ನಮ್ಮ ಚಾ ಸಪ್ಪಗಾತೇನು? ನೀನೂ ಆ ಅರ್ಧ ಬಸಿಯಾವ್ರ ಸಾಲಿಗೆ ಸೇರಿದಿ ಅನ್ನು!"

ಉಸಿರು ಬಿಡದೆ ತಳ ಕಾಣುವವರೆಗೆ ಕುಡಿದೆ. ಬಾಯಿ ಸುಟ್ಟಿತು.

ಅಷ್ಟರಲ್ಲಿ ಕಾಕಾ ಒಂದು ಜರ್ದಾಳು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದವರು ತಟ್ಟನೆ ಬಾಯಿ ನಿಲ್ಲಿಸಿದರು.

"ತಂಗಿ, ಹಲ್ಲಿಗೇನೋ ಹರಳು ಹತ್ತಿತಲ್ಲ."

ಜೇಬಿನಲ್ಲಿ ಆ ಹಣ್ಣುಗಳ ಜೊತೆ ಏನು ಉಜ್ಜುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು.

"ಉಗುಳ್ರಿ ಕಾಕಾ!"

"ನುಂಗಿದೆ ಬಿಡವಾ. ಅಲ್ಲಿ ಮಣ್ಣು ತಿಂದು ರೂಢಿ ಐತಿ ನನಗ" ಎಂದು ಕಾಕಾ ಇನ್ನೊಂದು ತೆಗೆದುಕೊಂಡರು.

ಮನೆಗೆ ಬಂದು ವಹಿಯ ಕೊನೆಯ ಕಲಂ ತುಂಬಿಸಿದೆ: "ಕಲ್ಲು ಮುಟ್ಟಬೇಕಾದಲ್ಲಿಗೆ ಮುಟ್ಟಿದೆ. ಕೂದಲೆಳೆಯಷ್ಟು."